ಎರಡನೆಯ ಪರಿಶೀಲಕಿ ಉಂಡ ಮನೆ

ತಾಲಿನ್

ಎಸ್ಟೋನಿಯಾದ ರಾಜಧಾನಿಯ ವಿಮಾನ ನಿಲ್ದಾಣದ ಕಸ್ಟಮ್ಸ್ ಕಟ್ಟೆಯಲ್ಲಿ ನೀಲಕ್ಕನ ಚೀಲ ತೆರೆಸಿದರು. ಮೇಲೆ ಖಡಕ್ ರೊಟ್ಟಿಯ ಗಂಟು, ಅದರ ಕೆಳಗೆ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ. ಎಳೆ ವಯಸ್ಸಿನ ಅಧಿಕಾರಿ ಮುಚ್ಚಳ ತೆಗೆದವನೇ ಒಳಗೆ ಮೂಗಿಟ್ಟ. ನಾನು ತಡೆಯುವಷ್ಟರಲ್ಲಿ ಮೂರ್ನಾಲ್ಕು ಸೀನು ಒಟ್ಟಿಗೆ ಬಂದವು.

"ಮೂಗಿಗೆ ಹಿಡೀಬಾರದಪಾ, ಬಾಯಿಗಿ ಹಾಕ್ಕೋಬೇಕು," ಎಂದಳು ನೀಲಕ್ಕ, ಆತ ನರಗುಂದದ ಸಂತೆಯಲ್ಲಿ ನಿಂತ ಗಿರಾಕಿಯೋ ಎಂಬಂತೆ. ಆತನಿಗೆ ಏನು ತಿಳಿಯಿತೋ, ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳವನ್ನು ಜೋಪಾನವಾಗಿ ಒತ್ತಿ, ಎರಡೂ ಕೈಯಲ್ಲಿ ಹಿಂದಿರುಗಿಸಿದ.

ನಾನು ರೋಣದ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಹೆಸರು ಶಮೀಮ್, ತವರು ನರೇಗಲ್. ಮಲಪ್ರಭೆಗೆ ಮಹಾಪೂರ ಬಂದಾಗ ಕೊಣ್ಣೂರಿನ ಸೇತುವೆ ಮುಳುಗಿ ಎರಡೂ ದಂಡೆಯ ಜನ ಹೇಗೆ ದಿನ ಕಳೆಯುತ್ತಾರೆ ಎಂಬುದರ ಮೇಲೆ ಸಂಶೋಧನೆ ಮಾಡಿದ್ದೆ. ನೀಲಕ್ಕ ಆ ಹೊಳೆಸಾಲಿನ ಒಂದು ಸಣ್ಣ ಊರಿನ ಪಂಚಾಯ್ತಿ ಅಧ್ಯಕ್ಷೆ. ಸಂಶೋಧನೆಯ ದಿನಗಳಲ್ಲಿ ಅವಳ ಮನೆಯ ಪಡಸಾಲೆಯಲ್ಲೇ ನಾನು ನಕಾಶೆ ಹರವಿಕೊಂಡು ಕೂರುತ್ತಿದ್ದದ್ದು. ನಮ್ಮಿಬ್ಬರನ್ನೂ ಎಸ್ಟೋನಿಯಾದ ಒಂದು ಪುಟ್ಟ ಊರು ಕರೆಸಿಕೊಂಡಿತ್ತು. ಆ ಊರಿನ ಹೆಸರನ್ನು ಬರೆಯುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.

ದಾರಿಯ ಬಸ್ಸು

ಬಸ್ಸಿನ ತುಂಬ ಜನರಿದ್ದರು, ಮಾತಿರಲಿಲ್ಲ. ನಮ್ಮಲ್ಲಿ ಗಜೇಂದ್ರಗಡದಿಂದ ರೋಣ ಮುಟ್ಟುವುದರೊಳಗೆ ಪಕ್ಕದವರ ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂತೆಂಬುದು ಗೊತ್ತಾಗಿರುತ್ತದೆ. ಇಲ್ಲಿ ಒಬ್ಬೊಬ್ಬರೂ ಕಿಟಕಿಯಾಚೆಯ ಬರ್ಚ್ ಮರಗಳನ್ನು ನೋಡುತ್ತ ಕೂತಿದ್ದರು. ಊರಲ್ಲಿ ಯಾರೋ ತೀರಿಕೊಂಡಿರಬೇಕು ಎಂದು ನೀಲಕ್ಕ ಸಣ್ಣ ದನಿಯಲ್ಲಿ ಊಹಿಸಿದಳು. ಇವರು ಇರುವುದೇ ಹೀಗೆ ಎಂದು ಹೇಳಿ, ಬಂದ ಕೆಲಸವನ್ನು ಅವಳಿಗೆ ಇನ್ನೊಮ್ಮೆ ವಿವರಿಸಿದೆ.

ಆ ಊರಿನವರು ದೊಡ್ಡ ವಿಷಯಗಳನ್ನು ಮತ ಹಾಕಿ ತೀರ್ಮಾನಿಸುತ್ತಾರೆ. ಮತಕ್ಕೆ ಮುಂಚೆ ಒಂದು ಹಂತವಿದೆ. ಊರಿನ ಯಾರಾದರೂ, ಹೀಗೆ ಮಾಡೋಣ ಎಂದು ಒಂದು ಪ್ರಸ್ತಾವ ಬರೆದು ಊರ ಗ್ರಂಥಾಲಯದ ಕಂಪ್ಯೂಟರ್ ಜಾಲಕ್ಕೆ ಹಾಕಬಹುದು. ಆ ಜಾಲವು, ಬರೆದವರ ಹೆಸರನ್ನು ತೆಗೆದು, ಅದನ್ನು ವಿಷಯ ಬಲ್ಲ ಹೊರಗಿನ ಇಬ್ಬರು ಪರಿಶೀಲಕರಿಗೆ ಕಳಿಸುತ್ತದೆ. ವಿದ್ವತ್ ಪತ್ರಿಕೆಗಳು ಲೇಖನವನ್ನು ಅಚ್ಚಿಗೆ ಮುಂಚೆ ಬಲ್ಲವರಿಗೆ ತೋರಿಸುವ ಪದ್ಧತಿಯೇ ಇದು. ಓದಿದವರು ಪ್ರಸ್ತಾವ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವಂತಿಲ್ಲ. ಅದರಲ್ಲಿ ನಿಜವೆಂದು ಬರೆದದ್ದಕ್ಕೆ ಆಧಾರವಿದೆಯೇ, ಅಷ್ಟನ್ನು ಹೇಳಬೇಕು. ಬರೆದವರು ಉತ್ತರ ಕೊಡುತ್ತಾರೆ, ತಿದ್ದುತ್ತಾರೆ. ಆಕ್ಷೇಪ, ಉತ್ತರ ಎಲ್ಲವನ್ನೂ ಊರು ಓದುತ್ತದೆ. ಜನರ ಮುಂದಿಡಲು ತಕ್ಕದ್ದು ಎಂದು ಇಬ್ಬರೂ ಒಪ್ಪಿದ ಮೇಲೆಯೇ ಅದು ಮತಕ್ಕೆ ಹೋಗುತ್ತದೆ. ಮತ ಮುಗಿಯುವ ತನಕ ಯಾರ ಹೆಸರೂ ಯಾರಿಗೂ ತಿಳಿಯಬಾರದು.

ಹೊಳೆ ದಾಟುವ ವಿಷಯದಲ್ಲಿ ನಾನು ಹಾಗೆ ಓದುವವಳಾಗಿದ್ದೆ. ನನ್ನ ಪಾಲಿಗೆ ಬಂದ ಪ್ರಸ್ತಾವ, ಊರ ಹತ್ತಿರವೇ ತಗ್ಗಿನ ಸೇತುವೆಯೊಂದನ್ನು ಕಟ್ಟಬೇಕೆಂಬುದು. ಒಮ್ಮೆ ಅದನ್ನು ತಿರುಗಿ ಕಳಿಸಿದ್ದೆ. ಚಳಿಗಾಲ ಕಳೆದ ಮೇಲೆ ತಿದ್ದಿದ ಪ್ರತಿ ಬಂದಿತ್ತು. ಅಷ್ಟರಲ್ಲಿ, ಮತದ ಮುಂಚಿನ ಊರಸಭೆಯನ್ನು ಕಣ್ಣಾರೆ ನೋಡಲು ಬನ್ನಿ, ನಿಮ್ಮ ಕಡೆಯ ಒಬ್ಬ ಜನಪ್ರತಿನಿಧಿಯನ್ನೂ ಕರೆತನ್ನಿ ಎಂದು, ನನ್ನ ಸಂಶೋಧನೆಯನ್ನು ಓದಿದ್ದ ಗ್ರಂಥಾಲಯದವರು, ನಾನೇ ಪರಿಶೀಲಕಿ ಎಂದು ತಿಳಿಯದೆ ಕರೆದಿದ್ದರು. ವಿಮಾನದಲ್ಲಿ ನನ್ನ ಅಭಿಪ್ರಾಯ ಬರೆದು ಮುಗಿಸಿದ್ದೆ. ಕಳಿಸಿರಲಿಲ್ಲ.

ಲೈನೆಯ ಮನೆ

ನಮ್ಮನ್ನು ಇಳಿಸಿಕೊಂಡವರು ಲೈನೆ ಎಂಬ ಹೆಂಗಸು. ಮೊದಲು ಔಷಧಿ ಅಂಗಡಿ ನಡೆಸುತ್ತಿದ್ದವರು, ಈಗ ಅರವತ್ತು ದಾಟಿದೆ. ಮನೆ ಹೊಳೆಯ ಆಚೆ ದಂಡೆಯಲ್ಲಿ. ಊರಿಂದ ಅಲ್ಲಿಗೆ ಹೋಗಲು ಎರಡೂ ದಂಡೆಗೆ ಬಿಗಿದ ಹಗ್ಗ ಹಿಡಿದು ಎಳೆದುಕೊಂಡು ಹೋಗುವ ಚಪ್ಪಟೆ ದೋಣಿಯೊಂದೇ ಇದೆ. ನೀರು ಹಾಲು ಹಾಕದ ಚಹಾದ ಬಣ್ಣ. ಕೊಳೆತ ಎಲೆಗಳ ಜೌಗಿನಿಂದ ಹರಿದು ಬರುವುದರಿಂದ ಹಾಗೆ. ನಮ್ಮ ಮಲಪ್ರಭೆ ಮಳೆಗಾಲದಲ್ಲಿ ಮಣ್ಣು ಹೊತ್ತು ಬರುವುದನ್ನು ಕಂಡವಳಿಗೆ, ಇಷ್ಟು ಕಪ್ಪಾಗಿಯೂ ತಿಳಿಯಾಗಿರುವ ನೀರು ವಿಚಿತ್ರವಾಗಿ ಕಂಡಿತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮನೆ ಅದು. ನೀಲಕ್ಕನಿಗೆ ಅಷ್ಟಕ್ಕೇ ಅರ್ಧ ನಂಟಸ್ತಿಕೆ ಬೆಳೆಯಿತು. ಉಳಿದರ್ಧ ಬೆಳೆದದ್ದು ಮರುದಿನ, ಲೈನೆ ಹುರಿದ ಧಾನ್ಯಗಳ ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ ಮುಂದಿಟ್ಟಾಗ. ಅವರು ಅದನ್ನು ಕಾಮಾ ಎನ್ನುತ್ತಾರೆ. ನೀಲಕ್ಕ ಒಂದು ಚಮಚ ಬಾಯಿಗಿಟ್ಟು, ಇದು ನಮ್ಮ ಹುರಿಹಿಟ್ಟೇ, ಬೆಲ್ಲ ಒಂದು ಕಡಿಮೆ ಎಂದು ತೀರ್ಪು ಕೊಟ್ಟಳು. ಲೈನೆ ಜೇನಿನ ಬಾಟಲಿ ಮುಂದೆ ಸರಿಸಿದರು. ಅವರವರ ಭಾಷೆಯಲ್ಲೇ ಇಬ್ಬರ ಮಾತುಕತೆ ಸಾಗಿತು. ನಡುವೆ ನಾನಿಲ್ಲದಿದ್ದರೂ ನಡೆಯುತ್ತಿತ್ತು.

ಉಗಿಸ್ನಾನದ ಕೋಣೆಗೆ ಕರೆದಾಗ ಮಾತ್ರ ನೀಲಕ್ಕ ಗಟ್ಟಿಯಾಗಿ ನಿರಾಕರಿಸಿದಳು. ಬಟ್ಟೆಯಿಲ್ಲದೆ ಮೂವರು ಹೆಂಗಸರು ಬೆಂಚಿನ ಮೇಲೆ ಕೂತು ಬೆವರುವುದರಲ್ಲಿ ಏನು ಸುಖವಿದೆ ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಬೆವರುವುದಕ್ಕೆ ನಮ್ಮೂರ ಬ್ಯಾಸಗಿ ಸಾಕೆಂದಳು. ನನಗೆ ಬೇರೆ ತೊಂದರೆ. ಅಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದನ್ನೇ ಮರೆತವನಂತೆ ಆಡುತ್ತಾನೆ. ಸಂಜೆಯ ನಮಾಜಿಗೆ ಕಾಯುತ್ತ ಕೂತು ತೂಕಡಿಸುತ್ತಿದ್ದೆ.

ಅಡುಗೆಮನೆ

ಎರಡನೆಯ ದಿನದ ಬೆಳಗಿನ ತಿಂಡಿಯ ಹೊತ್ತಿಗೆ ನಾನು, ಹೊಳೆಗೆ ಸೇತುವೆ ಯಾಕಿಲ್ಲ ಎಂದು ಸುಮ್ಮನೆ ಕೇಳಿದೆ. ಲೈನೆ ಕೈಯಲ್ಲಿದ್ದ ಕಪ್ಪು ಬ್ರೆಡ್ಡನ್ನು ತಟ್ಟೆಗಿಟ್ಟರು. ಅವರ ಇಂಗ್ಲಿಷು ನಿಧಾನ, ಆದರೆ ಸ್ಪಷ್ಟ. ಚಳಿಗಾಲದಲ್ಲಿ ಹೊಳೆ ಗಟ್ಟಿಯಾಗುತ್ತದೆ, ನಡೆದು ದಾಟಬಹುದು. ಬೇಸಿಗೆಯಲ್ಲಿ ದೋಣಿ ಇದೆ. ನಡುವೆ ಕೆಲವು ವಾರ ಹಿಮ ಮನುಷ್ಯರ ಭಾರ ತಡೆಯುವುದಿಲ್ಲ, ದೋಣಿಗೂ ದಾರಿ ಕೊಡುವುದಿಲ್ಲ. ಅಂಥ ಒಂದು ವಾರದಲ್ಲಿ ಅವರ ಗಂಡನಿಗೆ ಎದೆನೋವು ಬಂತು. ಆಂಬುಲೆನ್ಸು ಊರ ಕಡೆಯ ದಂಡೆಗೆ ಬಂದು ನಿಂತಿತು. ದೀಪ ತಿರುಗುವುದು ಈ ಕಿಟಕಿಯಿಂದ ಕಾಣುತ್ತಿತ್ತು. ಅಷ್ಟು ಹೇಳಿ ಅವರು ಬ್ರೆಡ್ಡಿಗೆ ಬೆಣ್ಣೆ ಸವರಿದರು.

ಊರಲ್ಲಿ ಹೇಳುವಂತಿಲ್ಲ, ನೀವು ಹೊರಗಿನವರೆಂದು ಹೇಳುತ್ತಿದ್ದೇನೆ, ಅದಕ್ಕೇ ಒಂದು ಪ್ರಸ್ತಾವ ಬರೆದೆ ಎಂದರು. ತಗ್ಗಿನ ಸೇತುವೆ, ಊರ ಹತ್ತಿರವೇ. ಮೊದಲ ಪರಿಶೀಲಕರು ಒಪ್ಪಿದರಂತೆ. ಎರಡನೆಯವರು ಒಪ್ಪಲಿಲ್ಲ.

"ಅವನು ಬರೆದ ಮಾತು ನನಗೆ ಬಾಯಿಪಾಠವಾಗಿದೆ," ಎಂದರು. "'ಒಂದು ವರ್ಷದ ನೀರನ್ನು ನಂಬಿ ಸೇತುವೆ ಕಟ್ಟಬಾರದು, ನೆರೆ ಬಂದ ಹಳೆಯ ಗುರುತುಗಳನ್ನು ತೋರಿಸಿ.' ಚಳಿಗಾಲವಿಡೀ ಆ ಮನುಷ್ಯ ನನ್ನನ್ನು ಮನೆಮನೆ ಅಲೆಸಿದ. ಅವನು ಎಂದೂ ಹೊಳೆಯ ದಂಡೆಯಲ್ಲಿ ಬದುಕಿರಲಾರ."

ನನ್ನದೇ ವಾಕ್ಯ ಬೇರೆಯವರ ಬಾಯಿಂದ, ಬೆಣ್ಣೆಯ ಚಾಕುವಿನಾಚೆಯಿಂದ ಬಂದಿತ್ತು. ಚಹಾದ ಬಟ್ಟಲು ಕೆಳಗಿಡಲು ಎಡೆ ಹುಡುಕಿದೆ. ಲೈನೆ ನನ್ನನ್ನು ಬಾಗಿಲ ಚೌಕಟ್ಟಿನ ಬಳಿ ಕರೆದೊಯ್ದು ಮೊಣಕಾಲೆತ್ತರದ ಒಂದು ಗೆರೆ ತೋರಿಸಿದರು. ಅವರ ಅತ್ತೆಯ ಕಾಲದಲ್ಲಿ ನೀರು ಒಳಗೆ ಬಂದಾಗ ಕೊರೆದದ್ದು. ವರ್ಷಗಟ್ಟಲೆ ಅದರ ಮೇಲೆ ಕೋಟು ನೇತುಹಾಕಿದ್ದರಂತೆ. ಆಕ್ಷೇಪ ಬಂದ ಮೇಲೆಯೇ ಕೋಟು ಸರಿಸಿ ನೋಡಿದ್ದು.

ನೀಲಕ್ಕನಿಗೆ ವಿಷಯ ಹೇಳಿದ್ದು ಹಿತ್ತಲಲ್ಲಿ, ಬಟ್ಟೆ ಒಣಹಾಕುವಾಗ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಈಗೇನ್ ಬರದೀರಿ ಮೇಡಂ? ಒಪ್ಪೀರೋ ಇಲ್ಲೋ?"

"ಒಪ್ಪೇನಿ. ಇನ್ನೂ ಕಳಿಸಿಲ್ಲ ನೀಲಕ್ಕ."

"ಹಂಗಾದ್ರ ಕಳಿಸಿ ಸುಮ್ನಾಗ್ರಿ. ಯಾರಿಗಿ ಗೊತ್ತಾಗತೈತಿ? ಆಕಿ ಗಂಡ ಸತ್ತಾನ, ಸೇತುವಿ ಕೇಳಾಕತ್ತಾಳ. ನೀವು ಬಾಯಿ ಬಿಟ್ರ ಆಕಿ ಕೆಲಸ ಕೆಡತೈತಿ."

ಅವರ ಮನೆಯಲ್ಲಿ ಉಂಡು ಅವರ ಪ್ರಸ್ತಾವಕ್ಕೆ ಒಪ್ಪಿಗೆ ಬರೆದರೆ ಅದನ್ನು ಯಾರು ನಂಬುತ್ತಾರೆ ಎಂದೆ. ವಿಮಾನದಲ್ಲೇ ಬರೆದದ್ದಲ್ಲವೇ ಎಂದಳು. ಅದು ನನಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ ಎಂದೆ. ತಾನು ಪಂಚಾಯ್ತಿಯಲ್ಲಿ ಇಷ್ಟು ವರ್ಷ ಇಂಥದ್ದನ್ನೆಲ್ಲ ಕಂಡಿರುವುದಾಗಿಯೂ, ಒಳ್ಳೆಯ ಕೆಲಸಕ್ಕೆ ಇಷ್ಟು ಮಡಿ ಮಾಡಬಾರದೆಂದೂ ಅವಳು ವಾದಿಸಿದಳು. ಮಾತು ಬೆಳೆಯಿತು. ಒದ್ದೆ ಸೀರೆಯ ಎರಡು ತುದಿ ಹಿಡಿದುಕೊಂಡೇ ಜಗಳಾಡಿದೆವು. ಆಮೇಲೆ ಅವಳು ತನ್ನ ತುದಿ ಬಿಟ್ಟು ಒಳಗೆ ಹೋದಳು.

ಗ್ರಂಥಾಲಯ

ಪದ್ಧತಿಯ ಉಸ್ತುವಾರಿ ತೀನಾ ಎಂಬ ಗ್ರಂಥಪಾಲಕಿಯದು. ನಾನು ಹೇಳಿದ್ದನ್ನು ಕೇಳಿ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಪ್ರಸ್ತಾವ ಬರೆದವರು ಯಾರೆಂದು ಆಕೆಗೂ ಗೊತ್ತಿರಲಿಲ್ಲ. ಹೆಸರುಗಳನ್ನು ಜಾಲ ಆಕೆಯಿಂದಲೂ ಮುಚ್ಚಿಟ್ಟಿತ್ತು. ಅತಿಥಿಗಳಿಗೆ ಮನೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಲೈನೆ ಮೊದಲು ಒಪ್ಪಿದ್ದರು, ಅಷ್ಟೆ. ಯಾರ ಹೆಸರೂ ಯಾರಿಗೂ ತಿಳಿಯಬಾರದೆಂಬ ಬಿಗಿಯೇ ನಮ್ಮಿಬ್ಬರನ್ನು ಒಂದೇ ಅಡುಗೆಮನೆಗೆ ತಂದು ಕೂರಿಸಿತ್ತು.

ನಾನು ಹಿಂದೆ ಸರಿದರೆ ಪ್ರಸ್ತಾವಕ್ಕೆ ಎರಡನೆಯ ಒಪ್ಪಿಗೆ ಇರುವುದಿಲ್ಲ, ಈ ಸಲದ ಮತದಿಂದ ಅದು ಹೊರಗೆ. ಮುಂದಿನ ಮತ ವರ್ಷದ ಮೇಲೆ. ಅಂದರೆ ಲೈನೆಯ ದಂಡೆಯವರಿಗೆ ಇನ್ನೊಂದು ವಸಂತ, ಇನ್ನೊಮ್ಮೆ ಆ ಕೆಟ್ಟ ವಾರಗಳು. ಸರಿಯದಿದ್ದರೆ, ಎಂದಾದರೂ ವಿಷಯ ಹೊರಬಿದ್ದ ದಿನ ಇಡೀ ಮತವೇ ಸುಳ್ಳಾಗುತ್ತದೆ. ಇದನ್ನು ತಾನೊಬ್ಬಳೇ ತೀರ್ಮಾನಿಸಲಾರೆ, ಊರಸಭೆಯ ಮುಂದಿಡುತ್ತೇನೆ ಎಂದು ತೀನಾ ಹೇಳಿದಳು. ನಾನು ಒಂದೇ ಒಂದನ್ನು ಕೇಳಿಕೊಂಡೆ. ಸಭೆಗೆ ಮುಂಚೆ ಲೈನೆಗೆ ನಾನೇ ತಿಳಿಸುತ್ತೇನೆ.

ದೋಣಿ

ಸಭೆಯ ಬೆಳಿಗ್ಗೆ ಮೂವರೂ ದೋಣಿ ಹತ್ತಿದೆವು. ಲೈನೆ ಹಗ್ಗ ಎಳೆಯುತ್ತಿದ್ದರು. ನಡುಹೊಳೆಗೆ ಬಂದಾಗ ಹೇಳಿದೆ. ಆ ಎರಡನೆಯ ಪರಿಶೀಲಕ ಗಂಡಸಲ್ಲ, ನಾನು.

ಅವರ ಕೈ ನಿಂತಿತು. ದೋಣಿ ಒಂದಿಷ್ಟು ವಾಲಿ ಹಗ್ಗಕ್ಕೆ ಜಗ್ಗಿ ನಿಂತಿತು. ಉಳಿದದ್ದನ್ನೂ ಹೇಳಿದೆ: ನನ್ನ ಅಭಿಪ್ರಾಯ ಒಪ್ಪಿಗೆಯದೇ ಇದೆ, ಆದರೆ ಇವತ್ತು ಸಭೆಯಲ್ಲಿ ನಿಮ್ಮ ಮನೆಯಲ್ಲಿದ್ದೇನೆಂದು ಹೇಳಲಿದ್ದೇನೆ.

"ನೀವು ಹೇಳದೆ ನಿಮ್ಮೂರಿಗೆ ಹೋಗಬಹುದಿತ್ತು," ಎಂದರು ಅವರು, ನನ್ನನ್ನು ನೋಡದೆ. "ನನಗೆ ಸೇತುವೆ ಸಿಗುತ್ತಿತ್ತು."

ನಿಂತ ದೋಣಿಯನ್ನು ಕಂಡು ನೀಲಕ್ಕ ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದಳು. ಅವಳು ಎಳೆದಳು, ನಾನೂ ಎಳೆದೆ. ಸ್ವಲ್ಪ ಹೊತ್ತಿನ ಮೇಲೆ ಲೈನೆಯೂ ಎಳೆದರು. ದಂಡೆ ಮುಟ್ಟಿದಾಗ ಅವರು ನಮಗಾಗಿ ನಿಲ್ಲದೆ ಮುಂದೆ ನಡೆದರು.

ಸಭೆ

ಊರಿನ ಸಭಾಭವನದಲ್ಲಿ ಮರದ ಕುರ್ಚಿಗಳು, ಗೋಡೆಗೆ ದೊಡ್ಡ ಪರದೆ. ಬರಲಾಗದವರು ಮನೆಯ ಕಂಪ್ಯೂಟರಿನಿಂದಲೇ ಸೇರಿದ್ದರು, ಅವರ ಮುಖಗಳು ಪರದೆಯ ಮೇಲೆ ಚೌಕ ಚೌಕವಾಗಿ ಕಾಣುತ್ತಿದ್ದವು. ತೀನಾ ಕರೆದಾಗ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದೆ. ಆಕೆ ಅವರ ಭಾಷೆಗೆ ತಿರುಗಿಸಿದಳು. ನಮ್ಮಲ್ಲಾದರೆ ಅಷ್ಟಕ್ಕೆ ಹತ್ತು ಜನ ಏಕಕಾಲಕ್ಕೆ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಯಾರೂ ಮಾತಾಡಲಿಲ್ಲ. ನನ್ನ ದುಪಟ್ಟಾದ ಅಂಚನ್ನು ನಾನು ಹಗ್ಗದಂತೆ ಹೊಸೆದುಬಿಟ್ಟಿದ್ದೆ.

ಶಾಲಾ ಶಿಕ್ಷಕಿಯೊಬ್ಬಳು ನನ್ನ ಅಭಿಪ್ರಾಯವನ್ನು ಇಲ್ಲೇ ಓದಬೇಕೆಂದಳು. ಓದಿದೆ. ಲೇಖಕರು ಹುಡುಕಿ ತಂದ ಹಳೆಯ ಗುರುತುಗಳು ನಂಬಲರ್ಹವಾಗಿವೆ. ಅವುಗಳ ಪ್ರಕಾರ, ನೀರು ಹೆಚ್ಚಿದ ವಸಂತಗಳಲ್ಲಿ ಈ ಸೇತುವೆ ಮುಳುಗುತ್ತದೆ. ಇದನ್ನು ಪ್ರಸ್ತಾವದ ಮೊದಲ ಸಾಲಿನಲ್ಲೇ ಹೇಳಿ ಜನರ ಮುಂದಿಡಬಹುದು.

ಆಗ ಮುಂದಿನ ಸಾಲಿನಿಂದ ಒಬ್ಬ ಮರದ ವ್ಯಾಪಾರಿ ಎದ್ದ. ಊರಿಂದ ದೂರ, ಹೊಳೆ ಹರಿದುಹೋಗುವ ದಿಕ್ಕಿನಲ್ಲಿ, ಎತ್ತರದ ಸೇತುವೆ ಕಟ್ಟಬೇಕೆಂಬ ಎದುರು ಪ್ರಸ್ತಾವದ ಪರ ಇದ್ದವನು.

"ನಾನು ಈ ಹೆಂಗಸನ್ನು ನಂಬುತ್ತೇನೆ," ಎಂದ. "ಆದರೆ ಯಾರನ್ನೂ ಹೀಗೆ ನಂಬಿ ಕೂರುವ ಗತಿ ನಮಗೆ ಬರಬಾರದೆಂದೇ ಈ ಪದ್ಧತಿ ಮಾಡಿಕೊಂಡೆವು."

ಕೊನೆಗೆ ಸಭೆಯ ಮುಂದೆ ಒಂದು ಸೂಚನೆ ಬಂತು. ನನ್ನ ಅಭಿಪ್ರಾಯವನ್ನು ಬದಿಗಿಡುವುದು, ಮತವನ್ನು ಕೆಲವು ದಿನ ಮುಂದೆ ಹಾಕುವುದು, ಅಷ್ಟರಲ್ಲಿ ಜಾಲದ ಮೂಲಕ ಬೇರೆ ಪರಿಶೀಲಕರೊಬ್ಬರನ್ನು ಹುಡುಕುವುದು. ಸಿಗದಿದ್ದರೆ ಪ್ರಸ್ತಾವ ಬಿಟ್ಟುಹೋಗುವುದು. ಒಪ್ಪುವವರು ಕೈ ಎತ್ತಬೇಕಿತ್ತು. ಕೈಗಳು ಒಂದೊಂದಾಗಿ ಎದ್ದವು. ಕಿಟಕಿಯ ಪಕ್ಕದಲ್ಲಿ ಒಬ್ಬರೇ ಕೂತಿದ್ದ ಲೈನೆ ತಮ್ಮ ಕೈಯನ್ನು ನೋಡಿಕೊಂಡು, ಎತ್ತಿದರು.

ಸೂಚನೆ ಪಾಸಾಯಿತು.

ಹಿಂದಿರುಗುವಾಗ ದೋಣಿಯಲ್ಲಿ ಲೈನೆಯೇ ಮಾತು ತೆಗೆದರು. "ನಿಮ್ಮ ಅಭಿಪ್ರಾಯ ಕೇಳಿ ನನಗೆ ಸಂತೋಷವಾಯಿತು," ಎಂದರು. "ಅಷ್ಟು ಸಂತೋಷವಾದದ್ದಕ್ಕೇ ಕೈ ಎತ್ತಿದೆ." ಆ ದಿನವೇ ನಮ್ಮನ್ನು ತೀನಾ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವಾಗ ಲೈನೆ ಕಾಮಾ ಹಿಟ್ಟಿನ ಪೊಟ್ಟಣವೊಂದನ್ನು ನೀಲಕ್ಕನ ಕೈಗೆ ಕೊಟ್ಟರು. ನನಗೆ ಏನೂ ಕೊಡಲಿಲ್ಲ. ಮತ ಮುಗಿಯಲಿ ಎಂದರು.

ತಾಲಿನ್ನಿಗೆ ಮರಳುವ ಬಸ್ಸಿನಲ್ಲಿ ನೀಲಕ್ಕ, "ಆಕಿ ಯಾಕ ಕೈ ಎತ್ತಿದಳ್ರಿ?" ಎಂದು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ: ತನಗೆ ಅಷ್ಟು ಬೇಕಾಗಿದ್ದ ಒಪ್ಪಿಗೆಯನ್ನು ತಾನೇ ನಂಬಬಾರದು ಎಂದು ಅವರಿಗೆ ಅನಿಸಿರಬೇಕು. ದಾರಿಯುದ್ದಕ್ಕೂ ಅವಳು ಆ ಊರಿನವರಂತೆಯೇ ಕಿಟಕಿಯಾಚೆ ನೋಡುತ್ತ ಕೂತಳು.

ಹೊಳೆಸಾಲು

ನಾವು ಊರಿಗೆ ಮರಳಿದ ಮೇಲೆ ಮತದ ಸುದ್ದಿಯನ್ನು ತೀನಾ ವಿಡಿಯೋ ಕರೆ ಮಾಡಿ ಹೇಳಿದಳು. ಹೊಸ ಪರಿಶೀಲಕರು ಯಾವುದೋ ದೇಶದಿಂದ ಸಿಕ್ಕಿದ್ದರು. ಹೆಚ್ಚುಕಡಿಮೆ ನಾನು ಹೇಳಿದ್ದನ್ನೇ, ನನಗಿಂತ ಕಟುವಾಗಿ ಬರೆದಿದ್ದರು. ಪ್ರಸ್ತಾವ ಮತಕ್ಕೆ ಹೋಯಿತು, ಸೋತಿತು. ಎತ್ತರದ ಸೇತುವೆ ಗೆದ್ದಿತು. ಅದು ಏಳುವ ತನಕ ಹಿಮ ಕರಗುವ ವಾರಗಳಲ್ಲಿ ಲೈನೆಯ ದಂಡೆಯಲ್ಲೇ ಒಂದು ಆಂಬುಲೆನ್ಸ್ ನಿಲ್ಲಿಸಬೇಕೆಂದು ಮರದ ವ್ಯಾಪಾರಿಯೇ ಮುಂದಿನ ಸಭೆಯಲ್ಲಿ ಕೇಳಿದನಂತೆ. ಅದಕ್ಕೆ ಎಲ್ಲರೂ ಕೈ ಎತ್ತಿದರು. ಪರದೆಯಲ್ಲಿ ತೀನಾಳ ಭುಜದ ಹಿಂದಿನಿಂದ ಲೈನೆ ಬಗ್ಗಿ ಮುಖ ತೋರಿಸಿದರು. ಸೋತದ್ದಕ್ಕೆ ಬೇಸರವಿದೆ ಎಂದರು. ಮುಂದಿನ ಸಲ ನೀವು ನಮ್ಮ ಮನೆಗೇ ಬರಬೇಕು, ಆಗ ಪರಿಶೀಲಿಸುವುದು ಏನೂ ಇರುವುದಿಲ್ಲ ಎಂದರು. ಯಾರ ಸೇತುವೆ ಸೋತಿತೆಂದು ಪರವೂರಿನವರು ತಮ್ಮನ್ನು ಗುರುತಿಸಬಾರದೆಂದು ಕೇಳಿಕೊಂಡದ್ದೂ ಆಗಲೇ.

ನಾನು ನೀಲಕ್ಕನ ಊರಿಗೆ ಹೋದದ್ದು ಮರುವರ್ಷದ ಮಳೆಗಾಲಕ್ಕೆ ಮುಂಚೆ, ಗ್ರಾಮಸಭೆಗೆ. ಮಹಾಪೂರ ಬಂದಾಗ ಜನ, ದನಕರು ಹೋಗಿ ನಿಲ್ಲಲು ದಿಬ್ಬದ ಮೇಲೆ ಜಾಗ ಗೊತ್ತುಮಾಡಬೇಕಿತ್ತು. ನೋಡಿದ್ದು ಎರಡು ಜಾಗ, ಮೇಲಿನ ದಿಬ್ಬ ಮತ್ತು ಕೆಳಗಿನ ದಿಬ್ಬ. ಎರಡರ ನಕಾಶೆಯನ್ನೂ ನಾನು ಮೊದಲೇ ದೂರದ ಇಬ್ಬರು ಬಲ್ಲವರಿಗೆ ಹೆಸರಿಲ್ಲದೆ ಕಳಿಸಿ ಅವರ ಆಕ್ಷೇಪ ತರಿಸಿದ್ದೆ. ಅದನ್ನು ಕನ್ನಡಕ್ಕೆ ಮಾಡಿ ಊರವರ ಮೊಬೈಲಿಗೆ ಹಾಕಿದ್ದೆವು. ಕೆಲವರು ಓದಿದ್ದರು, ಹಲವರು ಓದಿದವರ ಬಾಯಿಂದ ಕೇಳಿದ್ದರು. ಸಭೆ ಶುರುವಾಗುವ ಮೊದಲೇ ಸದ್ದು ಏರಿತ್ತು.

ನೀಲಕ್ಕ ಕಟ್ಟೆಯ ಮೇಲಿನ ಕುರ್ಚಿಯಿಂದ ಎದ್ದಳು. ಏನು ಹೇಳಲಿದ್ದಾಳೆಂದು ನನಗೂ ತಿಳಿಸಿರಲಿಲ್ಲ.

"ಮ್ಯಾಲಿನ ದಿಬ್ಬದ ಬಾಜೂಕ ನಮ್ಮ ಮೈದುನನ ಹೊಲ ಐತಿ," ಎಂದಳು. "ಅಲ್ಲಿ ಜಾಗ ಆದ್ರ ರಸ್ತೆ ಆಗತೈತಿ, ಹೊಲದ ಬೆಲಿ ಏರತೈತಿ. ಇದು ನಿಮಗ ಗೊತ್ತಿರಲಿ. ಈ ಒಂದು ಮಾತು ಮುಗಿಯೂತನ ನಾ ಕುರ್ಚಿ ಮ್ಯಾಲ ಕೂಡಾಂಗಿಲ್ಲ."

ಉಪಾಧ್ಯಕ್ಷರಾದ ಇಮಾಮಸಾಬರನ್ನು ಕುರ್ಚಿಗೆ ಕರೆದು, ತಾನು ಕೆಳಗಿಳಿದು ಹೆಂಗಸರ ಸಾಲಿನಲ್ಲಿ ಜಮಖಾನೆಯ ಮೇಲೆ ಕೂತಳು. ಮೈದುನ ತಲೆ ತಗ್ಗಿಸಿದ. ಇಮಾಮಸಾಬರು ಮುಂದೆ ಏನು ಮಾಡಬೇಕೆಂದು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಆಗ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಶಿವಪ್ಪಗೌಡರು ಎದ್ದರು. ಕೆಳಗಿನ ದಿಬ್ಬವೇ ಆಗಬೇಕೆಂದು ತಿಂಗಳಿಂದ ಊರೆಲ್ಲ ಮಾತಾಡಿಕೊಂಡು ಬಂದಿದ್ದವರು ಅವರೇ. ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡರು.

"ಕೆಳಗಿನ ದಿಬ್ಬದ ಬಾಜೂಕ," ಎಂದರು, "ನಮ್ಮ ಅಳಿಯಂದೂ ಒಂದು ತುಕಡಿ ಐತ್ರಿ."